ಎಮ್ಮೆಯ ಮುಖಾಂತರ

ಲಗ್ನವಾದ ಮೇಲೆ ಆರು ತಿಂಗಳು ನನ್ನ ಹೆಂಡತಿ ನನಗೆ ಹೇಳಬೇಕಾದ್ದನ್ನೆಲ್ಲ ನಮ್ಮ ಎಮ್ಮೆಗೆ ಹೇಳಿದಳು. ಇದರಲ್ಲಿ ಎಮ್ಮೆಯ ತಪ್ಪೇನೂ ಇಲ್ಲ. ಅತ್ತೆಯ ಎದುರಿಗೆ ಹೊಸ ಸೊಸೆ ಗಂಡನ ಮುಖ ನೋಡಿ ಮಾತಾಡಬಾರದೆಂಬುದು ನಮ್ಮ ಮನೆತನದ ಪದ್ಧತಿ. ಗೋಕಾಕದ ನಮ್ಮ ಮನೆಯೋ, ಒಂದು ಪಡಸಾಲೆ, ಒಂದು ಅಡಿಗೆಮನೆ, ಹಿಂದೆ ಎಮ್ಮೆ ಕಟ್ಟುವ ಜಾಗ, ಅಷ್ಟೇ. ಅದರೊಳಗೆ ಎಲ್ಲಿ ನಿಂತರೂ ನಮ್ಮವ್ವ ಎದುರಿಗೇ ಇರುತ್ತಿದ್ದಳು. (ಮಲಗಿದಾಗಲೂ ಅವಳ ಒಂದು ಕಣ್ಣು ಎದ್ದಿರುತ್ತಿತ್ತು.) ಹೀಗಾಗಿ ಕಾಶೆವ್ವ ಎಮ್ಮೆಯ ಮೈ ತಿಕ್ಕುತ್ತ ಮಾತಾಡುವುದು, ನಾನು ಪಡಸಾಲೆಯಲ್ಲಿ ರುಮಾಲು ಸುತ್ತುತ್ತ ಕಿವಿಗೊಡುವುದು, ಇದು ನಮ್ಮ ದಾಂಪತ್ಯದ ಸರಸ ಸಲ್ಲಾಪ.

ರಾತ್ರಿಯಾದರೂ ಮಾತಾಡಬಹುದಿತ್ತಲ್ಲ ಎನ್ನುತ್ತೀರಿ. ಮಾತಾಡುತ್ತಿದ್ದೆವಲ್ಲ! ಮಾತಾಡುವವನು ನಾನು. ಕೋರ್ಟಿನಲ್ಲಿ ಯಾವ ಸಾಕ್ಷಿ ಹೇಗೆ ತಡಬಡಿಸಿದ, ನಮ್ಮ ವಕೀಲ ಸಾಹೇಬರು ನನ್ನ ಬುದ್ಧಿಯನ್ನು ಎಷ್ಟು ಹೊಗಳಿದರು, ಎಲ್ಲ ಸವಿಸ್ತಾರವಾಗಿ ಹೇಳುತ್ತಿದ್ದೆ. ಅವಳ ಸರದಿ ಬರುವ ಹೊತ್ತಿಗೆ ನನಗೆ ನಿದ್ದೆ ಬಂದಿರುತ್ತಿತ್ತು.

ಮೂವತ್ನಾಲ್ಕನೆಯ ಇಸವಿಯಲ್ಲಿ ನಾನು ಗೋಕಾಕದ ಒಬ್ಬ ವಕೀಲರಲ್ಲಿ ಕಾರಕೂನನಾಗಿದ್ದೆ. ಮೂಡಲಗಿಯಿಂದ ಬಂದ ಪಕ್ಷಕಾರ ಕಟ್ಟೆ ಹತ್ತುವ ಮೊದಲೇ ಅವನ ತಂಟೆ ಹೊಲದ್ದೋ ಹೆಂಡತಿಯದ್ದೋ ಎಂದು ಹೇಳಬಲ್ಲ ಮಹಾನುಭಾವ! ಅಂಥವನಿಗೆ ಹದಿನೇಳು ವರ್ಷದ ಹುಡುಗಿಯ ಮನಸ್ಸು ತಿಳಿಯುವುದು ಯಾವ ದೊಡ್ಡ ಮಾತು?

ಒಂದು ಮುಂಜಾನೆ ಕಾಶೆವ್ವ ಎಮ್ಮೆಗೆ ಹೇಳಿದಳು: “ಹತ್ತರಗಿ ಕಡೆ ಈಗ ಜ್ವಾಳದ ತೆನಿ ತುಂಬಿ ನಿಂತಿರಬೇಕ ನೋಡವ್ವಾ.”

ಹತ್ತರಗಿ ಅವಳ ತವರು. ಅಲ್ಲಿರುವವಳು ಅವಳ ತಾಯಿ ರಾಮವ್ವ ಒಬ್ಬಳೇ. ತಂದೆಯಿಲ್ಲ, ಅಣ್ಣತಮ್ಮಂದಿರಿಲ್ಲ. ತವರಿನಿಂದ ಯಾರಾದರೂ ಬಂದು ಕರೆದರೇ ಹೊಸ ಸೊಸೆ ತವರಿಗೆ ಹೋಗಬೇಕು. ತಾನಾಗಿ “ಕಳಸ್ರಿ” ಅಂದರೆ ಎರಡೂ ಮನೆಯ ಮಾನ ಹೋಯಿತು. ಇಷ್ಟೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ನನ್ನ ತಲೆಗೆ ಹೊಳೆದದ್ದು ಬೇರೆ. ಹುಡುಗಿಗೆ ಸೀತನಿ ತಿನ್ನುವ ಬಯಕೆಯಾಗಿದೆ! ಸಂಜೆಯೇ ಎಳೆ ಜೋಳದ ತೆನೆ ಸುಡಿಸಿ, ಕಾಳು ಉದುರಿಸಿ, ಬಿಸಿಬಿಸಿ ಸೀತನಿಯನ್ನು ಬುಟ್ಟಿ ತುಂಬ ತಂದೆ. ಕಾಶೆವ್ವ ಬುಟ್ಟಿ ನೋಡಿ ಕಣ್ಣೀರು ಹಾಕಿದಳು. ಗಂಡನ ಪ್ರೀತಿ ಕಂಡು ಕರಗಿದಳೆಂದು ನಾನು ಮತ್ತೊಂದು ಮುಕ್ಕು ಮುಕ್ಕಿದೆ.

ಎರಡು ದಿನ ಬಿಟ್ಟು ಇನ್ನೊಂದು ಮಾತು ಬಂತು. “ಎಲ್ಲಾರ ಮನಿಗೂ ಯಾರರ ಬರ್ತಾರ. ನಮ್ಮ ಮನಿಗೆ ಬರಾವ್ರ ಯಾರದಾರ, ಹೇಳು?”

ಇದು ಸ್ವಲ್ಪ ಬಿಗಿಯಾದ ಮಾತು. ಕಚೇರಿಯಲ್ಲಿ ನನ್ನ ಜೊತೆಗಾರ ದುಂಡಪ್ಪನನ್ನು ಕೇಳಿದೆ. ಮೂರು ಲಗ್ನವಾಗಿ ಮೂರೂ ಹೆಂಡಂದಿರು ಬಿಟ್ಟುಹೋದವನು. ಅನುಭವಸ್ಥ.

“ಇದರಾಗ ತಿಳೀಲಾರದ್ದ ಏನೈತೋ ಅಪ್ಪಣ್ಣಾ?” ಅಂದ. “ಅಕಿಗೆ ಮಂದೀಗೆ ಊಟಕ್ಕ ನೀಡಬೇಕು, ಹೊಗಳಿಸಿಕೋಬೇಕು ಅನಸೇತಿ. ಹೊಸಾ ಹೆಣ್ಮಕ್ಕಳಿಗೆ ಅದs ಹುಚ್ಚ.”

“ಯಾರನ್ನ ಕರೀಲಿ?”

“ನಾ ಎದಕ್ಕ ಅದೇನಿ ಮತ್ತ?”

ಮೂರು ದಿನ ಸಾಲಾಗಿ ದುಂಡಪ್ಪ ನಮ್ಮ ಮನೆಯಲ್ಲಿ ಉಂಡ. ದಿನಕ್ಕೆ ಎಂಟೆಂಟು ರೊಟ್ಟಿ, ಮೇಲೆ ಮೊಸರು. ಕಾಶೆವ್ವನ ಮುಖ ದಿನದಿನಕ್ಕೆ ಬಾಡಿತು. “ಹೊಗಳಿದ್ದು ಕಡಿಮಿ ಆಗೇತಿ” ಎಂದು ದುಂಡಪ್ಪ ನಾಲ್ಕನೆಯ ದಿನವೂ ಬಂದ.

ಐದನೆಯ ದಿನ ನಾನು ಕಚೇರಿಗೆ ಹೊರಟಾಗ ಅವಳು ಎಮ್ಮೆಗೆ ಹೇಳಿದಳು: “ಇವತ್ತ ರೊಟ್ಟಿ ಹೆಚ್ಚ ಬಡದೇನಿ. ಎರಡ ದಿನಾ ಸಾಕಾಗ್ತಾವ.”

ಎರಡು ದಿನ ಒಲೆ ಹಚ್ಚುವುದಿಲ್ಲ! ಅಂದರೆ ಎರಡು ದಿನ ನನ್ನೊಡನೆ ಕಾಲ ಕಳೆಯಬೇಕೆಂಬ ಅಭಿಲಾಷೆ! ತಲೆನೋವೆಂದು ಸುಳ್ಳು ಹೇಳಿ, ರಜೆ ತೆಗೆದುಕೊಂಡು, ಒಂದು ಸೇವಂತಿಗೆ ಮಾಲೆಯನ್ನು ಕೋಟಿನ ಕಿಸೆಯಲ್ಲಿಟ್ಟುಕೊಂಡು ಮಧ್ಯಾಹ್ನವೇ ಮನೆಗೆ ಬಂದೆ.

ಅವ್ವ ಹೊಸ್ತಿಲಲ್ಲಿ ಕೂತಿದ್ದಳು. ಬದಿಗೆ ಖಾಲಿ ಕೊಡ.

“ನೀರಿಗೆ ಹೋಗ್ತೇನಂತ ಹೋದಾಕಿ, ಬಾಜೂಮನಿ ಉದ್ದವ್ವನ ಕೈಯಾಗ ಕೊಡಾ ಕಳಿಸ್ಯಾಳ” ಅಂದಳು. “ನಡಕೋತ ಹತ್ತರಗಿಗೆ ಹೋದ್ಳಂತ. ಅವರವ್ವ ಸಾಯಾಕ ಬಿದ್ದಾಳಂತಲ್ಲೋ! ಸಂತಿಗೆ ಬಂದ ಮಂದಿ ಎಂಟ ದಿನದ ಹಿಂದs ಹೇಳಿ ಹೋಗ್ಯಾರಂತ. ಕರಿಯಾಕ ಬರಾವ್ರರ ಯಾರ ಅದಾರ ಅಕಿಗೆ?”

“ನನಗ ಒಂದ ಮಾತ ಹೇಳಬಾರದೇನ?”

“ದಿನಾ ಎಮ್ಮಿ ಮುಂದ ನಿಂತ ಮತ್ಯಾರಿಗೆ ಹೇಳತಿದ್ಳು? ನಾನರ ಅತ್ತಿ, ನನಗ ತಿಳೀಲಿಲ್ಲ. ಗಂಡ ಅಲ್ಲೇನ ನೀ? ಸೀತನಿ ತಂದ ಮುಕ್ಕಿದೆಲ್ಲೋ ಮೂಳಾ!”

ಮರುದಿನ ನಸುಕಿನಲ್ಲಿ ಬಾಡಿಗೆ ಗಾಡಿ ಹೂಡಿಸಿಕೊಂಡು ಹೊರಟೆ. ಹತ್ತರಗಿ ಏಳೆಂಟು ಹರದಾರಿ, ಇಪ್ಪತ್ತು ಮೈಲಿಯ ಮೇಲೆ. ದಾರಿಯಲ್ಲಿ ಕಂಡ ಹೆಂಗಸರ ಬೆನ್ನನ್ನೆಲ್ಲ ನೋಡುತ್ತ ಹೋದೆ. ಯಾವುದೂ ಅವಳದಲ್ಲ. ಅಷ್ಟು ದೂರ ಅವಳು ಒಬ್ಬಳೇ, ಬರಿಗಾಲಲ್ಲಿ ನಡೆದಿದ್ದಳು. ನನಗೆ ಗಾಡಿಯಲ್ಲಿ ಕೂತೇ ಸೊಂಟ ಹಿಡಿದಿತ್ತು.

ಮುಟ್ಟಿದಾಗ ಹೊತ್ತು ಇಳಿದಿತ್ತು. ರಾಮವ್ವ ಬೆಳಗಿನ ಜಾವ ತೀರಿಕೊಂಡಿದ್ದಳು. ಗೋಡೆಗೆ ಆನಿಸಿ ಕೂಡಿಸಿ ಹಣೆಗೆ ವಿಭೂತಿ ಹಚ್ಚಿದ್ದರು. ಕಾಶೆವ್ವ ಪಕ್ಕದಲ್ಲಿ ಕೂತಿದ್ದಳು. ನಾನು ಬಾಗಿಲಲ್ಲಿ ನಿಂತೆ. ಊರವರು ಈಗ ಏನನ್ನುತ್ತಾರೋ, ಅಂದರೆ ಅನ್ನಲಿ ಎಂದು ತಲೆ ತಗ್ಗಿಸಿದೆ.

ಓಣಿಯ ಹಿರಿಯಳು ಭರಮವ್ವ ಎದ್ದು ಬಂದು ನನ್ನ ಕೆನ್ನೆ ಸವರಿ ದೃಷ್ಟಿ ತಾಗದಂತೆ ಲಟಿಕೆ ಮುರಿದಳು.

“ಅಳಿಯಾ ಅಂದರ ನಿನ್ನಂಥಾಂವ ಇರಬೇಕ್ರಿ ಯಪ್ಪಾ! ಕರಿಯಾಕ ಯಾರೂ ಬರದಿದ್ದರೂ ನೀನs ಗಾಡಿ ಮಾಡಿ ಹೆಂಡ್ತೀನ ಕಳಿಸಿದೆಂತ. ಹಾದಿಗೆ ಬುತ್ತೀನೂ ಕಟ್ಟಿಸಿದೆಂತ. ಕಾಶೆವ್ವ ತಮ್ಮವ್ವಗ ಎಲ್ಲಾ ಹೇಳಿದ್ಳು. ನನ್ನ ಮಗಳ ದೇವರಂಥಾ ಗಂಡನ ಕೈಯಾಗ ಅದಾಳ ಅಂತ ಮುದುಕಿ ನಕ್ಕೋತ ಜೀವಾ ಬಿಟ್ಟಳ್ರಿ.”

ನಾನು ಕಾಶೆವ್ವನ ಕಡೆ ನೋಡಿದೆ. ಅವಳು ಸೀರೆಯ ಅಂಚನ್ನು ಎಳೆದು, ಒಡೆದು ನೆತ್ತರು ಕಟ್ಟಿದ ಪಾದಗಳನ್ನು ಮುಚ್ಚಿಕೊಂಡಳು. ಕಣ್ಣೊರೆಸಲು ವಸ್ತ್ರಕ್ಕೆಂದು ಕಿಸೆಗೆ ಕೈಹಾಕಿದರೆ ಹೊರಬಂದದ್ದು ಬಾಡಿದ ಸೇವಂತಿಗೆ ಮಾಲೆ!

“ನೋಡ್ರೇ, ಹೂವಿನ ಮಾಲೀನೂ ತಂದಾನ!” ಎಂದು ಭರಮವ್ವ ಅದನ್ನು ಕಸಿದುಕೊಂಡು ರಾಮವ್ವನ ಕೊರಳಿಗೆ ಹಾಕಿದಳು. ಕೂತಿದ್ದ ಹೆಂಗಸರೆಲ್ಲ ಮತ್ತೊಮ್ಮೆ ಅಳುತ್ತ ನನ್ನನ್ನು ಹೊಗಳಿದರು. ಜನ್ಮದಲ್ಲಿ ಅಷ್ಟು ಹೊಗಳಿಕೆ ನನಗೆ ಸಿಕ್ಕಿರಲಿಲ್ಲ. ಒಂದೊಂದು ಮಾತಿಗೂ ಯಾರೋ ಕೆರದಿಂದ ಹೊಡೆದಂತಾಗುತ್ತಿತ್ತು.

ಮಣ್ಣು ಮಾಡಿ ಬಂದ ಮೇಲೆ ಅವಳ ಹತ್ತಿರ ಹೋಗಿ ಕೂತೆ. ಅತ್ತು ಅತ್ತು ಅವಳ ತುಟಿಗಳು ಒಣಗಿ ಬಿರಿದಿದ್ದವು.

“ಕಾಶೆವ್ವಾ, ನಂದ ತಪ್ಪಾತು. ನಾ ಭಾಳ ದಡ್ಡ. ಇನ್ನ ಮ್ಯಾಲ ಏನ ಬೇಕಾದರೂ ಬಾಯಿಬಿಟ್ಟ ಹೇಳು. ಈಗ ಏನ ಬೇಕು?”

ಅವಳು ಮೊಟ್ಟಮೊದಲ ಸಲ ಮಂದಿಯ ಎದುರಿಗೆ ನನ್ನ ಮುಖ ನೋಡಿ ಹೇಳಿದಳು: “ಕುಡ್ಯಾಕ ನೀರ ಕೊಡ್ರಿ.”

ನಾನು ವಿಚಾರಕ್ಕೆ ಬಿದ್ದೆ. ನೀರು ಎಂದಳು. ಗೋಕಾಕದ ನೀರಿನ ಋಣ ತೀರಿತು ಎನ್ನುತ್ತಿದ್ದಾಳೆಯೇ? ತಾಯಿಯ ಬಾಯಿಗೆ ನೀರು ಬಿಡಲು ನಾನು ಇರಲಿಲ್ಲವೆಂದು ಚುಚ್ಚುತ್ತಿದ್ದಾಳೆಯೇ? ಅಥವಾ ಇದು ಕ್ಷಮಿಸಿದ್ದರ ಗುರುತೇ? ದುಂಡಪ್ಪನಾದರೂ ಇದ್ದಿದ್ದರೆ—

ನಾನು ತಲೆಯೆತ್ತಿದಾಗ ಭರಮವ್ವ ತಂಬಿಗೆ ತಂದು ಕೊಟ್ಟಾಗಿತ್ತು. ಕಾಶೆವ್ವ ಎರಡೂ ಕೈಯಲ್ಲಿ ಹಿಡಿದು ಗಟಗಟನೆ ಕುಡಿಯುತ್ತಿದ್ದಳು.