ವೀರಮಲ್ಲನ ಪುನರ್ಜನ್ಮ

ಶನಿವಾರ ಸಂಜೆಯ ಆಟದಲ್ಲಿ ಮುತ್ತುರಾಜು ಸತ್ತುಹೋದ.

ಹಾರೋಹಳ್ಳಿಯ ಫ್ಯಾಕ್ಟರಿಯಲ್ಲಿ ಜೊತೆಗೆ ದುಡಿಯುವ ಆಫ್ತಾಬನ ಮನೆಯಲ್ಲಿ ವಾರವಾರವೂ ನಡೆಯುವ ಆಟ ಅದು. ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಹಾಕುತ್ತ, ಬಾಯಲ್ಲೇ ಕತೆ ನಡೆಸಬೇಕು. ಮುತ್ತುರಾಜನದು ವೀರಮಲ್ಲನೆಂಬ ಕತ್ತಿವೀರನ ಪಾತ್ರ. ವರ್ಷವಿಡೀ ಮಗುವಿನಂತೆ ಸಾಕಿದ ಆ ವೀರಮಲ್ಲ, ದಾಳ ಕೈಕೊಟ್ಟದ್ದರಿಂದ ಕರಡಿಯ ಪಾಲಾದ. ಬದುಕಿಸಬಹುದು, ಆದರೆ ದಂಡವಾಗಿ ಅರ್ಧ ಶಕ್ತಿ ಹೋಗುತ್ತದೆ ಎಂದು ಆಟ ನಡೆಸುವ ಆಫ್ತಾಬ್ ತೀರ್ಪು ಕೊಟ್ಟ. ಉಳಿದದ್ದು ಭಾನುವಾರ ಸಂಜೆಗೆ ಎಂದು ಎಲ್ಲರೂ ಎದ್ದರು.

ಭಾನುವಾರ ಬೆಳಗ್ಗೆ ಮುತ್ತುರಾಜು ಜಗಲಿಯಲ್ಲಿ ಕೂತು ಆಫ್ತಾಬನಿಗೆ ಫೋನ್ ಮಾಡಿ ಅಂಗಲಾಚಿದ. "ಅರ್ಧ ಶಕ್ತಿ ಹೋದ್ಮೇಲೆ ನಾನ್ ಬದುಕಿ ಏನ್ಲಾ ಪ್ರಯೋಜ್ನ? ಗಂಡ್ಸು ಅಂತ ಯಾರ್ ಲೆಕ್ಕಕ್ಕಿಟ್ಕತಾರೆ?"

ಕೊಳಾಯಿ ಹತ್ತಿರ ನಿಂತಿದ್ದ ಪಕ್ಕದ ಮನೆ ಸಿದ್ದಮ್ಮನ ಕೊಡ ತುಂಬಿ ಹರಿಯಿತು. ಅವಳು ಕೊಡ ಅಲ್ಲೇ ಬಿಟ್ಟು, ಕಿವಿಗೆ ಬಿದ್ದದ್ದನ್ನು ಹೇಳಲು ಅವನ ತಾಯಿ ಮಾಯಮ್ಮನ ಬಳಿಗೆ ಓಡಿದಳು. ಮಗನಿಗೆ ಹೆಣ್ಣು ನೋಡುತ್ತಿದ್ದ ಮಾಯಮ್ಮ ಗೋಡೆಗೆ ಒರಗಿ ಕುಸಿದಳು. ಆಮೇಲೆ ಬೀದಿಯೇ ಚಿಕಿತ್ಸೆಗೆ ನಿಂತಿತು. ಸಿದ್ದಮ್ಮ ಯಾವುದೋ ಬೇರು ಅರೆದು ಹಾಲಿಗೆ ಕಲಸಿ ತಂದಳು. ಸೋದರಮಾವ ಬೀರಲಿಂಗಯ್ಯ ಮೂಗು ಹಿಡಿದು ಕಾಲುಸೂಪು ಕುಡಿಸಿದ. ಎರಡೂ ಸೇರಿ ಮುತ್ತುರಾಜನ ಹೊಟ್ಟೆ ಕೋಡಿ ಬಿದ್ದ ಕೆರೆಯಂತೆ ಭೋರ್ಗರೆಯಿತು. ಮಧ್ಯಾಹ್ನದ ಹೊತ್ತಿಗೆ ಸುಸ್ತಾಗಿ ಎಲ್ಲವನ್ನೂ ಬಿಡಿಸಿ ಹೇಳಿದ.

ಮಾಯಮ್ಮನಿಗೆ ಸಮಾಧಾನವಾಗಲಿಲ್ಲ. ಆಟವೋ ಊಟವೋ, ಸತ್ತವನು ತನ್ನ ಮಗನೇ ತಾನೆ? ಸಂಜೆ ಅವನ ಜೊತೆಯಲ್ಲೇ ಹೊರಟಳು. ಮುತ್ತುರಾಜು ಒಳಗೊಳಗೇ ಹಿಗ್ಗಿದ. ಅವ್ವನಿಗೆ ಇಲ್ಲ ಎನ್ನುವ ಧೈರ್ಯ ಆಫ್ತಾಬನಿಗಿಲ್ಲ.

"ಹೆತ್ತೋಳ್ ಮುಂದೆ ಮಗನ ಶಕ್ತಿ ಕಿತ್ಕಬ್ಯಾಡ ಕಣಪ್ಪ," ಎಂದಳು ಮಾಯಮ್ಮ. "ಮೊದ್ಲು ಹೆಂಗಿದ್ನೋ ಹಂಗೇ ಎಬ್ಬುಸ್ಕೊಡು."

ಆಟಕ್ಕೆ ಬಂದಿದ್ದ ಸೌಮ್ಯಳ ಕಣ್ಣು ತುಂಬಿತು. ಆಫ್ತಾಬ್ ದಂಡ ಮನ್ನಾ ಮಾಡಿದ. ವೀರಮಲ್ಲ ಪೂರ್ತಿ ಶಕ್ತಿಯೊಂದಿಗೆ ಎದ್ದು ಕೂತ. ಕರಡಿಯ ಮೇಲೆ ಸೇಡು ತೀರಿಸಿಕೊಳ್ಳಲು ಮುತ್ತುರಾಜು ದಾಳ ಎತ್ತಿದ. ಮಾಯಮ್ಮ ಅವನ ಮಣಿಕಟ್ಟು ಹಿಡಿದಳು.

"ಒಂದ್ ಸಲ ಸತ್ತು ಬಂದವ್ನೆ. ಇನ್ನು ಕರಡಿ ತಾವ ಕಳ್ಸಕಿಲ್ಲ. ಆ ಊರಲ್ಲಿ ಕುರಿ ಅವಾ?"

"ಅವೆ ಅವ್ವ," ಎಂದುಬಿಟ್ಟ ಆಫ್ತಾಬ್.

"ಹಂಗಾದ್ರೆ ಕುರಿ ಕಾಯ್ಲಿ."

ಸೌಮ್ಯ ಒಬ್ಬಳೇ ಕರಡಿ ಹೊಡೆದು, ಗುಹೆಯ ನಿಧಿ ಬಾಚಿಕೊಂಡಳು. ಅಷ್ಟು ಹೊತ್ತೂ ವೀರಮಲ್ಲ ಬೆಟ್ಟದ ಬುಡದಲ್ಲಿ ಕುರಿ ಮೇಯಿಸಿದ. ಒಂದು ಮರಿ ತಪ್ಪಿಸಿಕೊಂಡಾಗ ಮಾತ್ರ ಅವನಿಗೆ ದಾಳ ಹಾಕುವ ಸರದಿ ಬಂತು. ಅದನ್ನೂ ಮಾಯಮ್ಮ ಇಸಿದುಕೊಂಡು ತಾನೇ ಹಾಕಿದಳು. ಇಪ್ಪತ್ತು ಮುಖದ ದಾಳದಲ್ಲಿ ಪೂರಾ ಇಪ್ಪತ್ತು ಬಿತ್ತು. ಮನೆಯೆಲ್ಲ ಚಪ್ಪಾಳೆ.

ಹೊರಡುವಾಗ ಆಫ್ತಾಬ್ ಬಾಗಿಲವರೆಗೆ ಬಂದು, ಮುಂದಿನ ಶನಿವಾರ ತಪ್ಪದೆ ಬರಬೇಕು ಎಂದು ಮಾಯಮ್ಮನನ್ನು ಕರೆದ. ಮುತ್ತುರಾಜನನ್ನು ಕರೆಯಲು ಮರೆತ.