ಮಿಲಾನಿಗೆ ಹೋದ ಕೌದಿ

ಇಷ್ಟಕ್ಕೆಲ್ಲ ಕಾರಣ ಒಂದು ಫೋನು.

ಹತ್ತಿಮತ್ತೂರಿನ ಹಿಟ್ಟಿನ ಗಿರಣಿಯ ಕನಕಪ್ಪ ಮದುವೆಯೊಂದಕ್ಕೆ ಹೊರಡಲೆಂದು ಮಂಚದ ಮೇಲೆ ಅಂಗಿ ಹರವಿ ಇಸ್ತ್ರಿ ಮಾಡುತ್ತಿದ್ದ. ಆ ಮನೆಯಲ್ಲಿ ಇಸ್ತ್ರಿ ಅವನದೇ ಕೆಲಸ. ಹೆಂಡತಿ ಸವಿತಾ ಆ ಪೆಟ್ಟಿಗೆಯನ್ನು ಮುಟ್ಟಿದವಳೇ ಅಲ್ಲ. ಹಳೆಯ ಕಾಲದ ಭಾರದ ಪೆಟ್ಟಿಗೆ. ಒಮ್ಮೆ ಕಲ್ಲಿನ ನೆಲಕ್ಕೆ ಬಿದ್ದು ಅದರ ಮೂತಿಯ ಚೂರು ಹಾರಿಹೋಗಿತ್ತು. ಆದರೂ ಬಿಸಿಯಾಗುತ್ತಿತ್ತಾದ್ದರಿಂದ ಪಕ್ಕದ ಮನೆಯ ಜಯಾ ಕೂಡ ಆಗಾಗ ಕೇಳಿ ಒಯ್ಯುತ್ತಿದ್ದಳು.

ಫೋನು ಬಂತು. ಹುಬ್ಬಳ್ಳಿಯಲ್ಲಿ ಪ್ಲಾಟು ಬೇಕೇ ಎಂದು ಒಬ್ಬ ಹುಡುಗಿ ಸಕ್ಕರೆಯಂಥ ದನಿಯಲ್ಲಿ ಕೇಳಿದಳು. ಕನಕಪ್ಪನಿಗೆ ಪ್ಲಾಟು ಬೇಕಿರಲಿಲ್ಲ. ಆದರೆ ಬೇಡ ಎಂದು ಹೇಳುವುದು ಅವನಿಗೆ ಹುಟ್ಟಿನಿಂದಲೂ ಬಂದಿರಲಿಲ್ಲ. ಮಾತು ಮುಗಿಸಿ ತಿರುಗಿದಾಗ ಪೆಟ್ಟಿಗೆಯು, ಹಿತ್ತಲಿನ ತಂತಿಯಿಂದ ಇಸ್ತ್ರಿಗೆಂದು ಅವನೇ ತಂದಿಟ್ಟಿದ್ದ ಸವಿತಾಳ ಮದುವೆಯ ದಾಳಿಂಬೆ ಬಣ್ಣದ ಇಳಕಲ್ ಸೀರೆಯ ಮೇಲೆ ಆರಾಮವಾಗಿ ಕುಳಿತು ಹೊಗೆ ಬಿಡುತ್ತಿತ್ತು.

ಅವನು ಸೀರೆಯನ್ನು ಹಿಟ್ಟಿನ ಚೀಲದೊಳಗೆ ತುರುಕಿ ಓಣಿಯ ಶೇಖವ್ವಾಯಿಯ ಮನೆಗೆ ಓಡಿದ. ಹಳೆಯ ಬಟ್ಟೆಯ ತುಂಡುಗಳನ್ನು ಜೋಡಿಸಿ ಕೌದಿ ಹೊಲಿಯುವುದರಲ್ಲಿ ಆಕೆಯದು ಎತ್ತಿದ ಕೈ. ಸವಿತಾಳೇ ಅಧ್ಯಕ್ಷೆಯಾಗಿದ್ದ ಮಹಿಳಾ ಸಂಘದವರು ಆಕೆಯ ಕೌದಿಗಳನ್ನು ಪರದೇಶಕ್ಕೆ ಕಳಿಸುತ್ತಿದ್ದರು.

“ಆಯಿ, ಇದನ್ನ ಸಣ್ಣಗ ಕತ್ತರಿಸಿ ಪರದೇಶಕ್ಕ ಹೋಗೋ ಕೌದ್ಯಾಗ ಹಾಕು, ಸವಿತಾನ ಕಣ್ಣಿಗೆ ಬೀಳೋ ಮದ್ಲ ಗಂಟು ಕಟ್ಟು. ಯಾರ ಮುಂದೂ ಬಾಯಿ ಬಿಡಬ್ಯಾಡ.”

“ಬಾಯಿ ಬಿಡಾಕ ನನಗ ಹಲ್ಲರ ಎಲ್ಲಿ ಅದಾವೋ ತಮ್ಮಾ?” ಎಂದಳು ಶೇಖವ್ವಾಯಿ.

ಮನೆಗೆ ಬಂದರೆ ಸವಿತಾ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. “ನನ್ನ ಸೀರಿ ಎಲ್ಲೈತ್ರಿ?”

“ಹಿತ್ತಲದ ತಂತಿ ಮ್ಯಾಲೆ ಹಾಕಿದ್ದಿಲ್ಲಾ? ಯಾರರ ಒಯ್ದಿರಬೇಕು” ಎನ್ನುತ್ತ ಕನಕಪ್ಪ ಜಯಾಳ ಗೋಡೆಯ ಕಡೆ ನೋಡಿದ. ಹೆಸರು ಹೇಳಲಿಲ್ಲ. ಬರೀ ನೋಡಿದ. ಅಷ್ಟಕ್ಕೇ ಎರಡೂ ಮನೆಗಳ ನಡುವೆ ಮಾತು ನಿಂತಿತು, ಸಾರಿನ ಬಟ್ಟಲು ದಾಟುವುದು ನಿಂತಿತು, ಇಸ್ತ್ರಿ ಪೆಟ್ಟಿಗೆ ಕೊಡುವುದೂ ನಿಂತಿತು.

ಮರುವರ್ಷ ಇಟಲಿಯಿಂದ ಕರೆ ಬಂತು. ಕೌದಿಗಳನ್ನು ಕೊಂಡಿದ್ದ ಬಿಯಾಂಕಾ ಎಂಬ ಡಿಸೈನರ್ ಹೆಂಗಸು ಮಿಲಾನಿನ ಫ್ಯಾಶನ್ ವಾರದಲ್ಲಿ ತನ್ನ ಉಡುಪುಗಳ ಪ್ರದರ್ಶನ ಇಟ್ಟಿದ್ದಳು. ಸಂಘದಿಂದ ಮೂವರು ಬರಬೇಕು, ಖರ್ಚೆಲ್ಲ ತನ್ನದು ಎಂದಿದ್ದಳು. ಅಧ್ಯಕ್ಷೆ ಸವಿತಾ ಒಬ್ಬಳು. ಇಂಗ್ಲಿಷ್ ಬಲ್ಲ, ಸಂಘದ ವ್ಯವಹಾರ ನೋಡಿಕೊಳ್ಳುವ ಸವಣೂರಿನ ದಿಲ್ಶಾದ ಇನ್ನೊಬ್ಬಳು. ಮೂರನೆಯವಳು ಶೇಖವ್ವಾಯಿ ಆಗಬೇಕಿತ್ತು.

“ಎಲಿ-ಅಡಿಕಿ ಉಗಳಾಕ ಇಮಾನದ ಕಿಡಕಿ ತಗೀತಾರೇನು?” ಎಂದು ಆಕೆ ಕೇಳಿದಳು.

“ಇಲ್ಲ ಆಯಿ.”

“ಹಂಗಾರ ನಾ ಒಲ್ಲೆ.”

ಹೀಗೆ ಆಕೆಯ ಜಾಗ ಕನಕಪ್ಪನ ಪಾಲಿಗೆ ಬಂತು. ಯಲವಿಗಿ ಸ್ಟೇಶನ್ನಿನಲ್ಲಿ ರೈಲು ಹತ್ತುವಾಗಲೂ ಅವನಿಗೆ ಹೆದರಿಕೆ ಇರಲಿಲ್ಲ. ಆ ಕೌದಿಯನ್ನು ಯಾವನೋ ಬಿಳಿಯ ಹೊದ್ದುಕೊಂಡು ಗೊರಕೆ ಹೊಡೆಯುತ್ತಿರುತ್ತಾನೆ ಎಂದೇ ಅವನ ಲೆಕ್ಕ.

ಪ್ರದರ್ಶನದ ದಿನ ಬೆಳಗ್ಗೆ ಹೋಟೆಲಿನಲ್ಲಿ ಸವಿತಾ ನೀರಿನ ಗ್ಲಾಸನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. “ಏನೋ ಹಾಕ್ಯಾರ ಇದರಾಗ. ನೀರು ತಾನ ಗುಳುಗುಳು ಅಂತೈತಿ.”

“ಅದು ಸೋಡಾ, ಸವಿತಕ್ಕ” ಎಂದು ದಿಲ್ಶಾದ ನಕ್ಕಳು. “ಕಾಕಾ, ಇವತ್ತ ಮಜಾ ನೋಡ್ರಿ. ನಮ್ಮ ಕೌದಿ ಎಲ್ಲಾ ಕೋಟ್ ಆಗಿ ಬರ್ತಾವ. ಹುಡುಗ್ಯಾರು ಒಂದೊಂದ ಹಾಕ್ಕೊಂಡು ನಿಮ್ಮ ಮೂಗಿನ ಮುಂದ ನಡದು ತೋರಸ್ತಾರ.”

ಕನಕಪ್ಪ ಕಚ್ಚಿದ ಬ್ರೆಡ್ಡನ್ನು ಮತ್ತೆ ತಟ್ಟೆಗೆ ಇಟ್ಟ. ಹತ್ತಿಮತ್ತೂರಿನ ಹೆಣ್ಣುಮಕ್ಕಳಿಗೆ ಕೌದಿ ಬರೀ ಹೊದಿಕೆಯಲ್ಲ. ಯಾವ ತುಂಡು ಯಾರ ಮೈಮೇಲಿನದು ಎಂದು ಕತ್ತಲಲ್ಲಿ ಮುಟ್ಟಿ ಹೇಳಬಲ್ಲವರು ಅವರು. ಅದರಲ್ಲೂ ಸವಿತಾ!

“ನನಗ ಹೊಟ್ಟಿ ನೋಯಾಕತ್ತೈತಿ. ಹೋಗೂದು ಬ್ಯಾಡ” ಎಂದ.

“ಈಗ ಆರು ಬ್ರೆಡ್ ತಿಂದೀರಿ. ಎಲ್ಲಿ ನೋಯ್ತೈತಿ, ತೋರ್ಸ್ರಿ” ಎಂದು ಸವಿತಾ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಆ ನೋಟದಲ್ಲಿ ಏನಿದೆ ಎಂದು ಕನಕಪ್ಪನಿಗೆ ತಿಳಿಯಲಿಲ್ಲ. ಶೇಖವ್ವಾಯಿ ಬಾಯಿ ಬಿಟ್ಟಳೇ? ಇವಳಿಗೆ ಗೊತ್ತಿದ್ದೇ ಇಲ್ಲಿತನಕ ಎಳೆತಂದಳೇ? ಟ್ಯಾಕ್ಸಿಯಲ್ಲಿ ಅವಳು ಸುಮ್ಮನಿದ್ದರೆ ಯಾಕೆ ಸುಮ್ಮನಿದ್ದಾಳೆ ಎಂಬ ಸಂಶಯ. ಮಾತಾಡಿದರೆ ಯಾಕೆ ಇಷ್ಟು ನಯವಾಗಿ ಮಾತಾಡುತ್ತಾಳೆ ಎಂಬ ಸಂಶಯ.

ಸಭಾಂಗಣದಲ್ಲಿ ಅವರನ್ನು ಎಲ್ಲರಿಗಿಂತ ಮುಂದಿನ ಸಾಲಿನಲ್ಲೇ ಕೂರಿಸಿದರು. ದಿಲ್ಶಾದ ಊರಿಗೆ ವಿಡಿಯೋ ಕಾಲ್ ಹಚ್ಚಿ ಫೋನು ಎತ್ತಿ ಹಿಡಿದಳು. ಅತ್ತ ಸಂಘದ ಕೋಣೆಯಲ್ಲಿ ಇಡೀ ಓಣಿಯೇ ಸೇರಿತ್ತು. ಬಾಗಿಲ ಬಳಿ, ಬಂದೂ ಬಾರದವಳಂತೆ, ಜಯಾ ಕೂಡ ನಿಂತಿದ್ದಳು.

ಡೋಲು ಬಡಿದಂಥ ಸಂಗೀತ ಶುರುವಾಯಿತು. ಉದ್ದುದ್ದ ಹುಡುಗಿಯರು ಒಬ್ಬೊಬ್ಬರಾಗಿ ಬಂದರು. ಅತ್ತೆಮನೆಯಲ್ಲಿ ಜಗಳ ಮಾಡಿ ತವರಿನ ಬಸ್ಸು ಹಿಡಿಯಲು ಹೊರಟವರ ಹಾಗೆ ಅವರ ಮುಖ, ಅವರ ನಡಿಗೆ.

“ಅಯ್ಯ, ಅದು ಮಾಲಾನ ನೈಟಿ!” ಸವಿತಾ ಗಂಡನ ತೊಡೆಗೆ ಬಡಿದಳು. “ತೋಳು ನೋಡ್ರಿ, ಹುಚ್ಚಪ್ಪ ಕಾಕಾನ ಲುಂಗಿ! ಕಾಕಾ ಹುಬ್ಬಳ್ಳಿ ದಾಟಿಲ್ಲ, ಅವನ ಲುಂಗಿ ಇಟಲಿ ಕಂಡ್ತು!”

ಫೋನಿನಲ್ಲಿ ಊರು ಹೋ ಎಂದಿತು. ಕನಕಪ್ಪನ ಕಣ್ಣು ಮಾತ್ರ ಪರದೆಯ ಸಂದಿಯಲ್ಲೇ ನೆಟ್ಟಿತ್ತು. ಅಲ್ಲಿ ದಾಳಿಂಬೆ ಬಣ್ಣ ಇಣುಕಿತು.

“ಸವಿತಾ, ನನ್ನ ಕಣ್ಣಾಗ ಏನೋ ಬಿತ್ತು. ಊದು!”

“ಯಾವ ಕಣ್ಣು?”

“ಎಡಕ್ಕಿಂದು. ಅಲ್ಲಲ್ಲ, ಬಲಕ್ಕಿಂದು.”

“ಎರಡೂ ನೆಟ್ಟಗ ಅದಾವ. ಬಾಜೂ ಸರೀರಿ.”

ಬೇರೆ ದಾರಿ ಇರಲಿಲ್ಲ. ಕನಕಪ್ಪ ಎದ್ದು ನಿಂತ. ಹೆಗಲ ಮೇಲಿನ ಟವೆಲನ್ನು ಎರಡೂ ಕೈಯಲ್ಲಿ ಹಿಡಿದು, ಹಿಟ್ಟು ಕೊಡವುವವನಂತೆ ಹೆಂಡತಿಯ ಮುಖದ ಮುಂದೆ ಬೀಸತೊಡಗಿದ. ಹಿಂದೆ ಕುಳಿತವರಿಗೆ ಏನೂ ಕಾಣದಾಯಿತು, ಅವರೂ ಎದ್ದರು. ಅವರ ಹಿಂದಿನವರೂ ಎದ್ದರು. ಯಾರೋ ಚಪ್ಪಾಳೆ ತಟ್ಟಿದರು. ನೋಡನೋಡುವುದರಲ್ಲಿ ಇಡೀ ಸಭೆ ನಿಂತು ಚಪ್ಪಾಳೆ ಬಡಿಯುತ್ತಿತ್ತು. ಒಬ್ಬ ಮುದುಕನಂತೂ ತನ್ನ ಕೊರಳಿನ ವಸ್ತ್ರ ಬಿಚ್ಚಿ ಕನಕಪ್ಪನಂತೆಯೇ ಬೀಸಿದ.

ಬಿಯಾಂಕಾ ಕಣ್ಣೊರೆಸಿಕೊಳ್ಳುತ್ತ ಓಡಿ ಬಂದಳು. ಇವರಿಗೆ ಅದೇ ಮೆಚ್ಚಿತೆಂದು, ಆಗಷ್ಟೇ ಬಂದ ಹುಡುಗಿಯ ಮೈಮೇಲಿನ ದಾಳಿಂಬೆ ಬಣ್ಣದ ಕೋಟನ್ನೇ ಬಿಚ್ಚಿಸಿದಳು. ಕನಕಪ್ಪ ಬೇಡ ಬೇಡ ಎಂದು ಟವೆಲು ಆಡಿಸಿದ. ಬೇಡ ಎನ್ನುವುದು ಅವನಿಗೆ ಜನ್ಮದಲ್ಲಿ ಒಮ್ಮೆ ಬಂದರೂ ಕನ್ನಡದಲ್ಲಿ ಬಂತು. ಬಿಯಾಂಕಾ ಕೋಟನ್ನು ಸವಿತಾಳ ಹೆಗಲಿಗೆ ಹಾಕಿದಳು.

ಸವಿತಾ ಅಂಚನ್ನು ಬೆರಳಿನಿಂದ ತಿಕ್ಕಿದಳು. ನಿಧಾನಕ್ಕೆ ಅವಳ ಮುಖ ಕೆಂಪಾಯಿತು.

“ಇದು ನನ್ನ ಸೀರಿ.”

ಕನಕಪ್ಪ ಕಣ್ಣು ಮುಚ್ಚಿಕೊಂಡ. ಆದರೆ ಸಿಡಿಲು ಬೇರೆ ಕಡೆ ಬಿತ್ತು. ಸವಿತಾ ದಿಲ್ಶಾದಳ ಕೈಯಿಂದ ಫೋನು ಕಸಿದುಕೊಂಡಳು. “ಏ ಜಯಾ! ಮುಂದ ಬಾ! ಕದ್ದು ಉಡಾಕ ಧೈರ್ಯ ಸಾಲಲಿಲ್ಲೇನು, ಕೌದಿಗೆ ಹಾಕಿದಿ? ನನ್ನ ಗಂಡ ಅವತ್ತ ಹೇಳಿದ್ದ!”

ಕನಕಪ್ಪನಿಗೆ ಮತ್ತೆ ಉಸಿರು ಬಂತು. ಬಂದದ್ದಕ್ಕೆ ನಾಚಿಕೆಯೂ ಆಯಿತು. ಹಾಗಂತ ಉಸಿರು ಬಿಡದೆ ಇರಲಿಲ್ಲ.

ಜಯಾ ಗುಂಪು ಸರಿಸಿ ಮುಂದೆ ಬಂದಳು. ಕಣ್ಣಲ್ಲಿ ನೀರಿದ್ದರೂ ದನಿ ಗಟ್ಟಿ ಇತ್ತು. “ಬಯ್ಯೂದು ಆಮ್ಯಾಲೆ. ಮದ್ಲ ಬೆನ್ನು ತಿರುವು. ಆ ಮಂದಿ ಎಲ್ಲಾ ಬೆನ್ನ ಯಾಕ ನೋಡಾಕತ್ತಾರ?”

ದಿಲ್ಶಾದ ಫೋನನ್ನು ಮರಳಿ ಇಸಿದುಕೊಂಡು ಸವಿತಾಳ ಹಿಂದಕ್ಕೆ ಹಿಡಿದಳು. ಕೋಟಿನ ಬೆನ್ನಿನ ನಟ್ಟನಡುವೆ ಕಂದು ಬಣ್ಣದ ದೊಡ್ಡ ಗುರುತು. ಶೇಖವ್ವಾಯಿ ಅದನ್ನು ಕತ್ತರಿಸಿ ಎಸೆದಿರಲಿಲ್ಲ. ಚಂದ ಕಂಡಿತೆಂದು ಸುತ್ತಲೂ ಬಿಳಿ ದಾರದ ಹೊಲಿಗೆ ಹಾಕಿ ಹಬ್ಬ ಮಾಡಿದ್ದಳು.

“ಇಸ್ತ್ರಿ ಪೆಟಗಿ ಇಟ್ಟ ಸುಟ್ಟೈತಿ” ಎಂದಳು ಜಯಾ. “ಮೂತಿ ಹಂತ್ಯಾಕ ನೋಡು, ಚೂರು ಇಲ್ಲ. ನಮ್ಮನ್ಯಾಗ ಪೆಟಗೀನ ಇಲ್ಲ ಸವಿತಾ, ನಿಮ್ಮದನ್ನ ತರ್ತಿದ್ದೆ, ಸೀರಿ ಹೋದ ದಿನದಿಂದ ಅದೂ ಬಂದ್. ಓಣ್ಯಾಗ ಮೂತಿ ಮುರದ ಪೆಟಗಿ ಯಾರ ಮನ್ಯಾಗ ಐತಿ? ಅದನ್ನ ಹಿಡಿಯೋರು ಯಾರು?”

ಸಭೆಯಲ್ಲಿ ಇನ್ನೂ ಚಪ್ಪಾಳೆ ಬೀಳುತ್ತಿತ್ತು. ಸವಿತಾ ಗಂಡನ ಕಡೆ ತಿರುಗಿದಳು.

“ನಾ ಯಾರ ಹೆಸರೂ ಹೇಳಿದ್ದಿಲ್ಲ” ಎಂದ ಕನಕಪ್ಪ.

“ಹೌದ್ರಿ. ಬರೇ ನೋಡಿದ್ರಿ.”

ಅಷ್ಟರಲ್ಲಿ ಬಿಯಾಂಕಾ ಆ ಗುರುತನ್ನು ಸವರುತ್ತ ಇದು ಯಾರ ಕೈಕೆಲಸ ಎಂದು ದಿಲ್ಶಾದಳನ್ನು ಕೇಳಿದಳು. ದಿಲ್ಶಾದ ನಗು ತಡೆಯಲಾರದೆ ಕನಕಪ್ಪನತ್ತ ಬೆರಳು ತೋರಿಸಿದಳು. ಬಿಯಾಂಕಾ ಅವನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಳ್ಳುವುದೊಂದು ಬಾಕಿ.

“ಕಾಕಾ, ನೀವು ದೊಡ್ಡ ಕಲಾವಿದರಂತ. ಬರೋ ವರ್ಷ ಎಲ್ಲಾ ಕೋಟಿಗೂ ಇದ ಗುರ್ತು ಬೇಕಂತ. ಇದ ಪೆಟಗಿ, ಇದ ಕೈ.”

ಕನಕಪ್ಪ ಬೇಡ ಎನ್ನಲು ಬಾಯಿ ತೆರೆದ.

“ಆಗ್ಲಿ ಅಂತ ಹೇಳು” ಎಂದಳು ಸವಿತಾ, ದಿಲ್ಶಾದಳಿಗೆ. “ಸುಡಾಕ ಇವರವ ಅಂಗಿ-ಅರಬಿ ಬೇಕಾದಷ್ಟು ಅದಾವ.”

ಊರಿಗೆ ಬಂದ ಮೇಲೆ ಸವಿತಾ ಮೊದಲು ಜಯಾಳ ಮನೆಗೆ ಹೋಗಿ, ಕೈ ಹಿಡಿದು ಕರೆತಂದಳು. ಇಬ್ಬರೂ ಬಾಗಿಲ ಬಳಿ ಒಂದೇ ಚಾಪೆಯ ಮೇಲೆ ಚಹಾ ಹಿಡಿದು ಕುಳಿತರು. ಒಳಗೆ ಮಂಚದ ಮೇಲೆ, ಗುರುತು ಹಾಕಲೆಂದು ಸವಿತಾ ತೆಗೆದಿಟ್ಟ ಕನಕಪ್ಪನ ಮದುವೆಯ ಸೂಟು ಮಲಗಿತ್ತು. ದಾವಣಗೆರೆಯಲ್ಲಿ ಹೊಲಿಸಿದ್ದು, ಹೊಟ್ಟೆ ಬಂದು ಹಾಕಲಾಗದಿದ್ದರೂ ಯುಗಾದಿಗೊಮ್ಮೆ ಬಿಸಿಲಿಗೆ ಇಟ್ಟು ಸವರಿ ಒಳಗಿಡುತ್ತಿದ್ದ. ಮೂತಿ ಮುರಿದ ಪೆಟ್ಟಿಗೆ ಕಾದಿತ್ತು. ಅವನು ಅದನ್ನು ಸೂಟಿನ ಮೇಲೆ ಇಟ್ಟ. ಕೂಡಲೇ ಎತ್ತಿದ. ಗುರುತೇ ಬೀಳಲಿಲ್ಲ.

ಆಗ ಫೋನು ಬಂತು. ಹುಬ್ಬಳ್ಳಿಯ ಪ್ಲಾಟಿನ ಹುಡುಗಿ.

“ಎತ್ರಿ ಅಣ್ಣಾರ, ಎತ್ರಿ” ಎಂದಳು ಜಯಾ ಹೊರಗಿನಿಂದ. “ಪೆಟಗಿ ಅಲ್ಲೇ ಇಟ್ಟು ಸಾವಕಾಶ ಮಾತಾಡ್ರಿ.”