ಕರೆವ್ವ ಎದೆ ಏರಿದ ದಿನ

ಮೂರು ವರ್ಷದಿಂದ ಒಂದೇ ಸೂರಿನಡಿ ಇದ್ದರೂ ಕರೆವ್ವ ಒಮ್ಮೆಯೂ ಸಂಗಮೇಶನಿಂದ ಮೈ ಮುಟ್ಟಿಸಿಕೊಂಡಿರಲಿಲ್ಲ. ಬಟ್ಟಲಿಗೆ ಊಟ ಹಾಕಿ ಅವನು ಎರಡು ಹೆಜ್ಜೆ ಹಿಂದೆ ಸರಿಯಬೇಕು. ಆಮೇಲೇ ಆ ಕಪ್ಪು ಬೆಕ್ಕು ತಪಾಸಣೆಗೆ ಬಂದ ಸಾಹೇಬರ ಹಾಗೆ ನಿಧಾನವಾಗಿ ಬರುತ್ತಿತ್ತು. ಅಂಥದ್ದು ಸೋಮವಾರ ಬೆಳಿಗ್ಗೆ ತಾನಾಗಿ ಹಾಸಿಗೆ ಹತ್ತಿ, ಅವನ ಎದೆಯ ಮೇಲೆ ಮಲಗಿ, ಮುಖವನ್ನೇ ನೋಡತೊಡಗಿತು.

"ಏನಾತವಾ ನಿನಗ?" ಎಂದ ಸಂಗಮೇಶ. ಕೆಳಗಿಳಿಸಿದರೆ ಮತ್ತೆ ಹತ್ತಿತು. ವಿಜಯಪುರದಿಂದ ಬಂದು ಬೆಂಗಳೂರಿನ ಬಿಟಿಎಂನಲ್ಲಿ ಒಂಟಿಯಾಗಿದ್ದವನಿಗೆ ಅದೇ ಹಬ್ಬವಾಯಿತು. ಆ ಸಂತೋಷವನ್ನು ಹೇಳಿಕೊಳ್ಳಲು ಕೆಳಗಿನ ಮನೆಯ ಓನರ್ ಸಿದ್ದಗಂಗಮ್ಮನವರ ಹತ್ತಿರ ಹೋದ. ಅವರು ತೊಳೆಯುತ್ತಿದ್ದ ಕುಕ್ಕರ್ ಪಕ್ಕಕ್ಕಿಟ್ಟರು.

"ಎದೆ ಮೇಲೇನಾ? ಎಡಗಡೆನಾ, ಬಲಗಡೆನಾ?"

"ಎಡಕ್ಕ ರೀ."

ಸಿದ್ದಗಂಗಮ್ಮ ಸೆರಗಿಗೆ ಕೈ ಒರೆಸಿಕೊಂಡರು. "ನಮ್ಮ ಯಜಮಾನ್ರು ಹೋಗೋ ಮುಂಚೆ ಪಕ್ಕದ ಮನೆ ಬೆಕ್ಕು ಹೀಗೇ ಬಂದು ಕೂತ್ಕೊಳ್ತಿತ್ತು. ಅವಕ್ಕೆ ಗೊತ್ತಾಗುತ್ತೆ ಕಣಪ್ಪ. ನೀನೇನೂ ಹೆದರ್ಕೋಬೇಡ, ಕಾಫಿ ಕುಡಿ." ಆ ದಿನ ಕಾಫಿಗೆ ಕೇಳದೆಯೇ ಎರಡು ಚಮಚ ಸಕ್ಕರೆ ಹಾಕಿದರು.

ಸಂಗಮೇಶ ಕೆಲಸ ಮಾಡುತ್ತಿದ್ದುದು ಜಯನಗರದ ಒಂದು ವಿಮಾ ಕಚೇರಿಯಲ್ಲಿ. ಪಕ್ಕದ ಮೇಜಿನ ಸೋಮನಾಥ್ ಹನ್ನೊಂದು ವರ್ಷ ಸಾವಿನ ಕ್ಲೇಮ್ ಅರ್ಜಿಗಳನ್ನೇ ನೋಡಿದವನು. ಸುದ್ದಿ ಕೇಳಿ ಪೆನ್ನು ಕೆಳಗಿಟ್ಟ.

"ತಮಾಷೆ ಅನ್ಕೋಬೇಡ ಗುರು. ನಿನ್ನ ಪಾಲಿಸೀಲಿ ನಾಮಿನಿ ಯಾರು?"

"ನಮ್ಮವ್ವ. ತೀರಿಕೊಂಡಾಳ."

"ಇವತ್ತೇ ಬದಲಾಯ್ಸು."

ಮಧ್ಯಾಹ್ನದ ಹೊತ್ತಿಗೆ ಕಚೇರಿಯಲ್ಲಿ ಎಲ್ಲರೂ ಅವನೊಂದಿಗೆ ಮೆಲುದನಿಯಲ್ಲಿ ಮಾತಾಡತೊಡಗಿದರು. ಅವನಿಗೆ ನಿಜವಾಗಿಯೂ ಎಡಗೈ ಜೋಮು ಹಿಡಿಯಿತು. ರಜೆ ಹಾಕಿ ಆಸ್ಪತ್ರೆಗೆ ಹೋದ. ಇಸಿಜಿ, ರಕ್ತ, ಎಕ್ಸ್-ರೇ ಎಲ್ಲ ಮುಗಿಯುವಾಗ ಸಂಜೆಯಾಯಿತು.

"ಹಾರ್ಟ್ ಚೆನ್ನಾಗಿದೆ. ಬಿಪಿ ಮಾತ್ರ ಜಾಸ್ತಿ," ಎಂದರು ಡಾಕ್ಟರು. "ಮನೇಲಿ ಏನಾದ್ರೂ ಟೆನ್ಷನ್ನಾ?"

ಬೆಕ್ಕು ಎನ್ನಲು ಅವನಿಗೆ ಬಾಯಿ ಬರಲಿಲ್ಲ.

ಮನೆಗೆ ಬಂದು ನೋಡಿದರೆ ಕರೆವ್ವ ಹಾಸಿಗೆಯಲ್ಲೇ ಇತ್ತು. ಬೆಳಿಗ್ಗೆ ಹಾಕಿದ ಊಟ ಬಟ್ಟಲಲ್ಲೇ ಒಣಗಿತ್ತು. ಅವನು ಮಲಗಿದೊಡನೆ ಅದು ಕಷ್ಟಪಟ್ಟು ತೆವಳಿ ಬಂದು ಎದೆ ಏರಿತು. ಬಂದದ್ದು ಬರಲಿ ಎಂದು ಅವನು ಅದರ ಬೆನ್ನ ಮೇಲೆ ಕೈಯಿಟ್ಟ. ಕಾದ ಇಸ್ತ್ರಿಪೆಟ್ಟಿಗೆ ಮುಟ್ಟಿದ ಹಾಗಾಯಿತು.

ಅದನ್ನು ತರಕಾರಿ ಬುಟ್ಟಿಯಲ್ಲಿಟ್ಟುಕೊಂಡು ಆಟೋದಲ್ಲಿ ಬಿಳೇಕಹಳ್ಳಿಗೆ ಓಡಿದ. ಪಶುವೈದ್ಯೆ ಮೇಘಶ್ರೀ ಜ್ವರ ನೋಡಿ, ಮುಂಗಾಲಿನ ಕೂದಲು ಸರಿಸಿ ತೋರಿಸಿದರು. "ಬೇರೆ ಬೆಕ್ಕು ಕಚ್ಚಿದೆ, ಒಳಗೆ ಕೀವು ತುಂಬಿದೆ. ಹುಷಾರಿಲ್ದಾಗ ಕೆಲವು ಬೆಕ್ಕು ಅವಿತ್ಕೊಳ್ತವೆ. ಕೆಲವು ನಂಬಿದೋರ ಹತ್ರ ಬರ್ತವೆ, ಬೆಚ್ಚಗಿರುತ್ತೆ ಅಂತ. ಯಾವಾಗಿಂದ ಹೀಗಿದೆ?"

"ಬೆಳಿಗ್ಗಿಂದ ರೀ."

"ಮತ್ತೆ ಇಷ್ಟು ಹೊತ್ತು ಏನ್ ಮಾಡ್ತಿದ್ರಿ?"

"ದವಾಖಾನ್ಯಾಗ ಇದ್ದೆ ರೀ."

"ಯಾರಿಗೆ ಹುಷಾರಿರ್ಲಿಲ್ಲ?"

ಸಂಗಮೇಶ ಬುಟ್ಟಿಯ ಕಡೆ ನೋಡಿದ. ನೋವಾದಾಗ ಅದು ತನ್ನ ಹತ್ತಿರ ಬಂದಿತ್ತು. ತಾನು ಇಡೀ ದಿನ ತನ್ನ ಎದೆಯನ್ನೇ ಹಿಡಿದುಕೊಂಡು ಓಡಾಡಿದ್ದ.

ಕೀವು ತೆಗೆದು, ಐದು ದಿನಕ್ಕೆ ಮಾತ್ರೆ ಕೊಟ್ಟರು. ಗುರುವಾರಕ್ಕೆ ಜ್ವರ ಬಿಟ್ಟಿತು. ಶುಕ್ರವಾರ ಬೆಳಿಗ್ಗೆ ಸಿದ್ದಗಂಗಮ್ಮ ವಿಚಾರಿಸಲು ಬಂದಾಗ ಸಂಗಮೇಶ ಮಾತ್ರೆ ಹಿಡಿದು ಮಂಚದ ಪಕ್ಕ ನೆಲದ ಮೇಲೆ ಬೋರಲಾಗಿ ಮಲಗಿದ್ದ. ಮಂಚದಡಿಯ ಮೂಲೆಯಿಂದ ಎರಡು ಕಣ್ಣು ಅವನನ್ನು ಅಪರಿಚಿತನಂತೆ ನೋಡುತ್ತಿದ್ದವು.

"ಈಗ ಹತ್ರಾನೇ ಬರಲ್ವಾ?"

"ಇಲ್ರೀ. ನನ್ನ ನೋಡಿದ್ರ ಸಾಕು, ಓಡತದ."

ಸಿದ್ದಗಂಗಮ್ಮ ಕುರ್ಚಿ ಎಳೆದುಕೊಂಡು ಕೂತರು.

"ಅದೂ ಅಷ್ಟು ಒಳ್ಳೇದಲ್ಲ ಕಣಪ್ಪ," ಎಂದರು.

ಸಂಗಮೇಶ ಮಲಗಿದ್ದಲ್ಲೇ ತನ್ನ ನಾಡಿ ಹಿಡಿದು ನೋಡಿಕೊಂಡ.